ಕಠ್ಮಂಡುವಿನ ಬಟ್ಟಲು ತುಮಕೂರಿನ ಅಂಗಡಿ ತಲುಪುವ ದಾರಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಹೊರದೇಶಕ್ಕೆ ಹೋಗಿ ಕೈಕಸುಬಿನ ಸಾಮಾನು ಆರಿಸಿ ತಂದು ಮಾರುವ ಬಗ್ಗೆ ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ದೇವನಹಳ್ಳಿಯ ವಿಮಾನ ನಿಲ್ದಾಣ ಈ ಭಾಗಕ್ಕೆ ಹತ್ತಿರ, ನಂದಿ ಬೆಟ್ಟದ ಕಡೆ ಬರುವ ಪ್ರವಾಸಿಗರೂ ಜಾಸ್ತಿ. ಹೀಗಾಗಿ ಸಣ್ಣ ಅಂಗಡಿಯವರಿಗೆ ಈ ಆಸೆ ಹುಟ್ಟುವುದು ಸಹಜ, ಸರಿಯಾಗಿ ಮಾಡಿದರೆ ಗಿಟ್ಟುವಂಥದ್ದೂ ಹೌದು. ಆದರೆ ಬಹಳಷ್ಟು ಪತ್ರಗಳಲ್ಲಿ ಮಾಲು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯಿದೆ, ಅದು ಮನೆಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯಿಲ್ಲ. ಎರಡನೆಯದು ತೀರ್ಮಾನವಾಗದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ ಎಂಬುದೇ ನಮ್ಮ ಮೊದಲ ಮಾತು.

ಪ್ರಶ್ನೆ (ತುಮಕೂರು): ಬಿ.ಎಚ್. ರಸ್ತೆಯಲ್ಲಿ ಮನೆ ಅಲಂಕಾರದ ಸಾಮಾನಿನ ಅಂಗಡಿ ಇದೆ. ಮುಂದಿನ ತಿಂಗಳು ಮನೆಯವರ ಜೊತೆ ನೇಪಾಳಕ್ಕೆ ಹೋಗುತ್ತಿದ್ದೇವೆ. ನಾಲ್ಕು ಜನರ ಸೂಟ್‌ಕೇಸಿನಲ್ಲಿ ಹಂಚಿಕೊಂಡು ಅರವತ್ತು ಸಿಂಗಿಂಗ್ ಬೌಲ್ (ತಟ್ಟಿದರೆ ನಾದ ಹೊರಡುವ ಲೋಹದ ಬಟ್ಟಲು) ತಂದುಬಿಡೋಣ ಅಂತ ಯೋಚನೆ. ತೊಂದರೆ ಆಗುತ್ತಾ? ಒಳ್ಳೆಯ ಬಟ್ಟಲನ್ನು ಗುರುತಿಸೋದು ಹೇಗೆ?

ಉತ್ತರ: ಹಾಗೆ ತರಬೇಡಿ. ಒಂದೇ ಥರದ ಅರವತ್ತು ಬಟ್ಟಲು ಕಂಡರೆ, ನಾಲ್ಕು ಪೆಟ್ಟಿಗೆಯಲ್ಲಿ ಹಂಚಿದ್ದರೂ, ಅದು ಪ್ರಯಾಣಿಕರ ಸಾಮಾನಲ್ಲ, ಸರಕು. ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದೆ ಬಿಡುವ ಮೊತ್ತ ಸ್ವಂತಕ್ಕೆ ಅಥವಾ ಉಡುಗೊರೆಗೆ ತಂದ ವಸ್ತುಗಳಿಗೆ ಮಾತ್ರ. ಮಾರಾಟದ ಮಾಲು ಎಷ್ಟೇ ಅಗ್ಗದ್ದಾದರೂ ಆ ವಿನಾಯಿತಿಯೊಳಗೆ ಬರುವುದಿಲ್ಲ. ಸುಂಕ ಕಟ್ಟುವಂಥದ್ದು ಏನೂ ಇಲ್ಲ ಎನ್ನುವವರ ಹಸಿರು ದಾರಿಯಲ್ಲಿ ಹೊರಟು ಸಿಕ್ಕಿದರೆ 1962ರ ಕಸ್ಟಮ್ಸ್ ಕಾಯ್ದೆಯಂತೆ ಮಾಲು ಜಪ್ತಿಯಾಗಬಹುದು, ದಂಡವೂ ಬೀಳಬಹುದು. ಅಕಸ್ಮಾತ್ ದಾಟಿ ಬಂದರೂ ಆ ಮಾಲಿಗೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದನ್ನು ಕಸ್ಟಮ್ಸ್‌ಗೆ ತೋರಿಸಿದ ದಾಖಲೆ, ಇರುವುದಿಲ್ಲ. ಖರೀದಿಯ ದಾಖಲೆಯೇ ಇಲ್ಲದ ಅರವತ್ತು ಬಟ್ಟಲನ್ನು ನಿಮ್ಮ ಸ್ಟಾಕ್ ಪುಸ್ತಕದಲ್ಲಿ ಎಲ್ಲಿ ಬರೆಯುತ್ತೀರಿ?

ಈ ಪ್ರಯಾಣವನ್ನು ಸ್ಯಾಂಪಲ್‌ಗಷ್ಟೇ ಇಟ್ಟುಕೊಳ್ಳಿ. ಒಂದೊಂದು ಅಳತೆಯಲ್ಲಿ ಒಂದೊಂದು ಬಟ್ಟಲು, ಹೆಚ್ಚೆಂದರೆ ಐದಾರು. ಪ್ರತಿಯೊಂದಕ್ಕೂ ತೂಕ, ವ್ಯಾಸ, ದರ ಬರೆದ ಬಿಲ್ಲು ಪಡೆಯಿರಿ. ವ್ಯಾಪಾರದ ಸ್ಯಾಂಪಲ್ ಎಂದು ಸುಂಕದ ಸಾಮಾನು ಇರುವವರ ಕೆಂಪು ದಾರಿಯಲ್ಲಿ ತೋರಿಸಿ, ಸುಂಕ ಹೇಳಿದರೆ ಕಟ್ಟಿ ರಸೀದಿ ಪಡೆಯಿರಿ. ಹೊರಡುವ ಮೊದಲೇ ಐಇಸಿ, ಅಂದರೆ ಆಮದು–ರಫ್ತು ಕೋಡ್, ಮಾಡಿಸಿ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಪ್ಯಾನ್, ವಿಳಾಸದ ದಾಖಲೆ, ಅಂಗಡಿಯ ಹೆಸರಿನ ರದ್ದಾದ ಚೆಕ್ ಇದ್ದರೆ ಸಾಕು. ನಿಮ್ಮ ಪ್ಯಾನ್ ಸಂಖ್ಯೆಯೇ ಕೋಡ್ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ನವೀಕರಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ಮರೆತರೆ ಕೋಡ್ ನಿಷ್ಕ್ರಿಯವಾಗುತ್ತದೆ, ಮಾಲು ಬಂದು ನಿಂತಾಗಲೇ ಅದು ಗೊತ್ತಾಗುವುದು.

ಇನ್ನು ಬಟ್ಟಲು. ಕಠ್ಮಂಡುವಿನ ಥಮೇಲ್ ಬೀದಿಯಲ್ಲಿ ರಾಶಿ ಹಾಕಿರುವುದರಲ್ಲಿ ನಮ್ಮ ದೇಶದಲ್ಲೇ ಎರಕ ಹೊಯ್ದ ಹಿತ್ತಾಳೆ ಬಟ್ಟಲುಗಳೂ ಇರುತ್ತವೆ. ಅದನ್ನು ಸುಂಕ ಕಟ್ಟಿ ವಾಪಸ್ ತರುವುದರಲ್ಲಿ ಅರ್ಥವಿಲ್ಲ. ಪಾಟನ್ ಕಡೆಯ ಕಮ್ಮಟಗಳಿಗೇ ಹೋಗಿ, ಅಲ್ಲಿ ಕೈಯಿಂದ ಬಡಿದ ಬಟ್ಟಲನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಒಳಗೆ ಬೆರಳಾಡಿಸಿ ನೋಡಿ. ಬಡಿದದ್ದಾದರೆ ಸುತ್ತಿಗೆಯ ತಗ್ಗುಗಳು ಒಂದರಂತೆ ಒಂದಿರುವುದಿಲ್ಲ. ಕಡಸಲು ಯಂತ್ರದಲ್ಲಿ ತಿರುಗಿಸಿದ್ದಾದರೆ ಸಮಾನ ಅಂತರದ ಸುತ್ತುಗೆರೆ ಕಾಣುತ್ತವೆ. ಕೆಲವರು ಎರಕದ ಬಟ್ಟಲಿನ ಮೇಲೆ ಅಲಂಕಾರಕ್ಕೆ ಸುತ್ತಿಗೆ ಗುರುತು ಹಾಕುತ್ತಾರೆ, ಅದು ಹೊರಮೈಯಲ್ಲಿ ಮಾತ್ರ ಇರುತ್ತದೆ. ನಂತರ ಬಟ್ಟಲನ್ನು ಚಪ್ಪಟೆ ಅಂಗೈ ಮೇಲಿಟ್ಟು, ಬೆರಳು ಪಕ್ಕಕ್ಕೆ ತಾಗದಂತೆ, ಬಟ್ಟೆ ಸುತ್ತಿದ ಕೋಲಿನಿಂದ ಹೊಟ್ಟೆಯ ಭಾಗಕ್ಕೆ ಮೆಲ್ಲಗೆ ತಟ್ಟಿ. ಒಳ್ಳೆಯ ಕಂಚಿನಲ್ಲಿ ದನಿ ಎರಡು ಎಳೆಯಾಗಿ ಹೊರಡುತ್ತದೆ. ಕೆಳಗೊಂದು ಗುಂಯ್ ಎನ್ನುವ ದಪ್ಪ ಎಳೆ, ಅದರ ಮೇಲೊಂದು ಸಣ್ಣ ಎಳೆ, ಎರಡೂ ಅಲೆಯಲೆಯಾಗಿ ನಿಧಾನಕ್ಕೆ ಕರಗುತ್ತವೆ. ಕರಕರ ಸದ್ದು ಬೆರೆತರೆ ಎಲ್ಲೋ ಕೂದಲೆಳೆಯ ಬಿರುಕಿದೆ, ಪಕ್ಕಕ್ಕಿಡಿ. ಮಡಿಕೆ ಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಬೆರಳಿನಿಂದ ತಟ್ಟಿ ನೋಡುವುದೂ ಇದೇ ಕಾರಣಕ್ಕೆ. ತಾಮ್ರಕ್ಕೆ ತವರ ಹೆಚ್ಚು ಬೆರೆಸಿದ ಈ ಕಂಚು ದನಿಗೆ ಚೆನ್ನ, ಆದರೆ ಏಟು ತಡೆಯುವುದಿಲ್ಲ. ಹಿತ್ತಾಳೆ ಬಿದ್ದರೆ ತಗ್ಗಾಗುತ್ತದೆ, ಇದು ಸೀಳುತ್ತದೆ. ಹಾಗಾಗಿ ಒಂದರೊಳಗೊಂದು ಕೂರಿಸಿ ಕಳಿಸುವಾಗ ನಡುವೆ ದಪ್ಪ ಬಟ್ಟೆ ಅಥವಾ ಫೋಮ್ ಇರಲೇಬೇಕು.

ಒಂದು ಸೂಚನೆ: ವಿಮಾನದಲ್ಲಿ ನೇಪಾಳಕ್ಕೆ ಹೋಗಲು ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಒಂದೇ ಸಾಲದು.

ಪ್ರಶ್ನೆ (ಚಿಕ್ಕಬಳ್ಳಾಪುರ): ಅಲ್ಲಿ 1,600–1,700 ರೂಪಾಯಿಗೆ ಸಿಗುವ ವಸ್ತುವನ್ನು ಇಲ್ಲಿ 2,500ಕ್ಕೆ ಮಾರಿದರೆ ಲಾಭ ಅಂತ ಸ್ನೇಹಿತರು ಹೇಳುತ್ತಾರೆ. ಸುಂಕ, ಜಿಎಸ್‌ಟಿ ಎಲ್ಲ ಸೇರಿ ನಿಜವಾದ ಅಸಲು ಎಷ್ಟು ಬೀಳುತ್ತೆ?

ಉತ್ತರ: ಮೇಲಿನ ಅರವತ್ತು ಬಟ್ಟಲನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ವಸ್ತುವಿನ ದರವನ್ನು ಅದರ ಎಚ್‌ಎಸ್ ಕೋಡ್ (ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹಿಡಿದು ಕಸ್ಟಮ್ಸ್ ಏಜೆಂಟರಿಂದ ತಿಳಿಯಬೇಕು.

ಮಾಲಿನ ಬೆಲೆ 1,00,000 ರೂಪಾಯಿ. ವಿಮಾನದ ಸಾಗಣೆ 30,000. ಸುಂಕ ಹಾಕುವಾಗ ವಿಮಾನ ಸಾಗಣೆಯನ್ನು ಮಾಲಿನ ಬೆಲೆಯ ಶೇ 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ, ಆದ್ದರಿಂದ ಲೆಕ್ಕಕ್ಕೆ 20,000 ಮಾತ್ರ. ವಿಮೆ ಶೇ 1.125ರಂತೆ 1,125. ಸುಂಕಕ್ಕೆ ಒಳಪಡುವ ಮೌಲ್ಯ 1,21,125. ಮೂಲ ಸುಂಕ ಶೇ 10 ಎಂದಿಟ್ಟುಕೊಂಡರೆ 12,113. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್ 1,211. ಇಷ್ಟೂ ಸೇರಿದ 1,34,449ರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಕಟ್ಟುವ ಜಿಎಸ್‌ಟಿ, ಶೇ 18 ಹಿಡಿದರೆ 24,201.

ಈಗ ಏಜೆಂಟರ ಫೀಸು, ಬ್ಯಾಂಕಿನ ಕಮಿಷನ್, ದೇವನಹಳ್ಳಿಯಿಂದ ಅಂಗಡಿಗೆ ಟೆಂಪೊ ಎಲ್ಲ ಸೇರಿ 12,000 ಅನ್ನಿ. ನೀವು ಮಾಮೂಲಿ ಜಿಎಸ್‌ಟಿ ನೋಂದಣಿ ಇರುವವರಾದರೆ ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಆಗ ಒಟ್ಟು ಖರ್ಚು 1,56,449, ಒಂದು ಬಟ್ಟಲಿಗೆ 2,607 ರೂಪಾಯಿ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಅಥವಾ ನೋಂದಣಿಯೇ ಇಲ್ಲದಿದ್ದರೆ ಕ್ರೆಡಿಟ್ ಇಲ್ಲ, ಒಂದಕ್ಕೆ 3,011. ಅಂದರೆ 1,667ಕ್ಕೆ ಕೊಂಡ ಬಟ್ಟಲನ್ನು 2,500ಕ್ಕೆ ಮಾರಿದರೆ ಎರಡೂ ಕಡೆ ಕೈಯಿಂದಲೇ ಹೋಗುತ್ತದೆ. ಒಡೆದದ್ದು, ಮಾರಾಟವಾಗದೆ ಉಳಿದದ್ದು, ಅಂಗಡಿ ಬಾಡಿಗೆ ಇವ್ಯಾವುದನ್ನೂ ನಾವಿನ್ನೂ ಸೇರಿಸಿಲ್ಲ.

ಇಲ್ಲಿ ನಿಮ್ಮ ಕೈಹಿಡಿಯುವುದು ಮೂಲ ಪ್ರಮಾಣಪತ್ರ, ಅಂದರೆ ಸರ್ಟಿಫಿಕೇಟ್ ಆಫ್ ಒರಿಜಿನ್. ನೇಪಾಳದಲ್ಲೇ ತಯಾರಾದ ಮಾಲಿಗೆ ಎರಡು ದೇಶಗಳ ವ್ಯಾಪಾರ ಒಪ್ಪಂದದಡಿ, ಕೆಲವು ವಸ್ತು ಬಿಟ್ಟರೆ, ಮೂಲ ಸುಂಕವಿಲ್ಲ. ಥಾಯ್ಲೆಂಡ್, ವಿಯೆಟ್ನಾಂ, ಇಂಡೊನೇಷ್ಯಾ ಮಾಲಿಗೆ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಒಪ್ಪಂದದ ಮೂಲ ಪ್ರಮಾಣಪತ್ರ ಫಾರ್ಮ್ ಎಐ, ಶ್ರೀಲಂಕಾಕ್ಕೆ ಅದರದೇ ಒಪ್ಪಂದ. ಮೇಲಿನ ಲೆಕ್ಕದಲ್ಲಿ ಈ ಪತ್ರ ಇದ್ದರೆ 13,324 ರೂಪಾಯಿ ಉಳಿದು, ಬಟ್ಟಲಿನ ಅಸಲು 2,385ಕ್ಕೆ ಇಳಿಯುತ್ತದೆ. ಐಜಿಎಸ್‌ಟಿ ಮಾತ್ರ ತಪ್ಪುವುದಿಲ್ಲ. ಪತ್ರವನ್ನು ಮಾರುವವರು ತಮ್ಮ ದೇಶದಲ್ಲಿ ಮಾಡಿಸಿ ಮಾಲಿನ ಜೊತೆ ಕಳಿಸಬೇಕು. ಆರ್ಡರ್ ಕೊಡುವಾಗಲೇ ಮಾತಾಡಿ, ಮಾಲು ಹೊರಟ ಮೇಲೆ ಕೇಳಿದರೆ ಕಷ್ಟ. 2020ರಿಂದ ಆಮದುದಾರರೂ ಆ ವಸ್ತು ಅಲ್ಲಿಯೇ ತಯಾರಾದದ್ದು ಎಂಬುದಕ್ಕೆ ವಿವರ ಸಂಗ್ರಹಿಸಿ ಐದು ವರ್ಷ ಇಟ್ಟುಕೊಳ್ಳಬೇಕು. ಕಚ್ಚಾವಸ್ತು ಎಲ್ಲಿಯದು, ಯಾವ ಕೆಲಸ ಎಲ್ಲಿ ನಡೆಯಿತು ಎಂದು ಕಮ್ಮಟದವರಿಂದ ಬರೆಸಿಕೊಂಡು ಬನ್ನಿ.

ಪ್ರಮಾಣಪತ್ರ ಇದ್ದೂ ರಿಯಾಯಿತಿ ತಪ್ಪುವುದು ಹೆಚ್ಚಾಗಿ ಕೋಡ್ ಹೊಂದದೆ. ಈ ಬಟ್ಟಲನ್ನು ಗಂಟೆ, ಜಾಗಟೆ, ಲೋಹದ ಗೊಂಬೆಗಳ 8306ಕ್ಕೆ ಹಾಕುವವರಿದ್ದಾರೆ, ತಾಳವಾದ್ಯಗಳ 9206ಕ್ಕೆ ಹಾಕುವವರೂ ಇದ್ದಾರೆ. ಯಾವುದೆಂದು ಮೊದಲೇ ನಿಮ್ಮ ಏಜೆಂಟರ ಬಳಿ ನಿಶ್ಚಯಿಸಿಕೊಂಡು, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಮೂಲ ಪ್ರಮಾಣಪತ್ರ ಮೂರರಲ್ಲೂ ಅದೇ ಅಂಕಿ ಬರುವಂತೆ ನೋಡಿಕೊಳ್ಳಿ.

ಪ್ರಶ್ನೆ (ಶಿಡ್ಲಘಟ್ಟ): ಪಶ್ಮಿನಾ ಶಾಲು ತರಿಸುವ ಆಸೆ ಇದೆ. ಉಂಗುರದೊಳಗೆ ತೂರಿದರೆ ಅಸಲಿ ಅಂತಾರಲ್ಲ, ನಂಬಬಹುದಾ?

ಉತ್ತರ: ನಂಬಬೇಡಿ. ತೆಳುವಾದ ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ಕೃತಕ ನೂಲು) ಶಾಲೂ ಉಂಗುರದೊಳಗೆ ಸಲೀಸಾಗಿ ತೂರುತ್ತದೆ.

ರೇಷ್ಮೆ ಗೂಡಿನ ಊರಿನವರಾದ ನಿಮಗೆ ಸುಟ್ಟು ನೋಡುವ ಪರೀಕ್ಷೆ ಹೊಸದೇನಲ್ಲ. ಶಾಲಿನ ಕುಚ್ಚಿನ ಬಳಿಯ ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಉದ್ದ ಮತ್ತು ಅಡ್ಡ ಎರಡೂ ಕಡೆಯ ನೂಲನ್ನು ಬೇರೆ ಬೇರೆಯಾಗಿ ಹಚ್ಚಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟಂತೆ ಉರಿದರೆ ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಎರಡೂ ಕಡೆಯ ನೂಲು ಏಕೆಂದರೆ ಹಾಸು ಒಂದು, ಹೊಕ್ಕು ಇನ್ನೊಂದು ಇಟ್ಟು ನೇಯುವುದು ಸಾಮಾನ್ಯ.

ಈ ಪರೀಕ್ಷೆಗೂ ಮಿತಿಯಿದೆ. ಕುರಿಯ ಉಣ್ಣೆಯೂ ಪಶ್ಮಿನಾವೂ ಒಂದೇ ವಾಸನೆ ಕೊಡುತ್ತವೆ. ಅವುಗಳ ವ್ಯತ್ಯಾಸ ಎಳೆಯ ದಪ್ಪದಲ್ಲಿದೆ. ಹಿಮಾಲಯದ ಚ್ಯಾಂಗ್ರಾ ಮೇಕೆಯ ಒಳತುಪ್ಪಳದ ಎಳೆ ಸುಮಾರು 12ರಿಂದ 16 ಮೈಕ್ರಾನ್, ಕುರಿಯದ್ದು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಇದನ್ನು ಸೂಕ್ಷ್ಮದರ್ಶಕದಲ್ಲೇ ಅಳೆಯಬೇಕು. ದೊಡ್ಡ ಆರ್ಡರ್ ಆದರೆ ಸ್ಯಾಂಪಲ್ ತಂದು ಜವಳಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನೇಪಾಳದ ಪಶ್ಮಿನಾ ತಯಾರಕರ ಸಂಘದ ‘ಚ್ಯಾಂಗ್ರಾ ಪಶ್ಮಿನಾ’ ಗುರುತು ಇರುವ ಮಾಲನ್ನೇ ಕೇಳಿ. ಶೇ 70 ಪಶ್ಮಿನಾ, ಶೇ 30 ರೇಷ್ಮೆ ಬೆರೆಸಿದ ಶಾಲು ಕೂಡ ಒಳ್ಳೆಯ ಮಾಲೇ. ಅದನ್ನು ಅದೇ ಹೆಸರಿನಲ್ಲಿ, ಶೇಕಡಾವಾರು ಬರೆದು ಮಾರಿ. ಶಿಡ್ಲಘಟ್ಟದ ಗಿರಾಕಿಗೆ ರೇಷ್ಮೆಯ ಕೈಹಿಡಿತ ಗೊತ್ತು, ಸುಳ್ಳು ಲೇಬಲ್ ನಿಲ್ಲುವುದಿಲ್ಲ.

ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆಯ ಬಿಳಿ ಕರ್ಚೀಫಿನಿಂದ ಒಂದು ಮೂಲೆಯನ್ನು ಇಪ್ಪತ್ತು ಸಲ ಉಜ್ಜಿ. ಕಡುಕೆಂಪು, ಕಡುನೀಲಿ, ಕಪ್ಪು ಬಣ್ಣದ ಶಾಲಿಗೆ ಇದನ್ನು ತಪ್ಪಿಸಬೇಡಿ.

ಪ್ರಶ್ನೆ (ಕೋಲಾರ): ಬಾಲಿಯಿಂದ ತರಿಸಿದ ಮರದ ಕೆತ್ತನೆಗಳು ಚೆನ್ನಾಗಿಯೇ ಬಂದವು. ಎರಡು ತಿಂಗಳಲ್ಲಿ ಅರ್ಧಕ್ಕರ್ಧ ಸೀಳು ಬಿಟ್ಟವು. ಕೆಲವುದರ ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಮಾರಿದವರ ಮೋಸವಾ?

ಉತ್ತರ: ಸೀಳಿದ್ದರಲ್ಲಿ ಮೋಸಕ್ಕಿಂತ ಹವೆಯ ಪಾಲೇ ದೊಡ್ಡದು. ಪುಡಿ ಬೀಳುವುದರಲ್ಲಿ ಅವರ ಉದಾಸೀನ ಖಂಡಿತ ಇದೆ.

ಮರ ತಾನಿರುವ ಜಾಗದ ಗಾಳಿಗೆ ತಕ್ಕಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಬಾಲಿಯ ಕಡಲ ಗಾಳಿಯಲ್ಲಿ ತೆರೆದಿಟ್ಟ ಮರದ ತೇವ ಶೇ 15ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೋಲಾರದ ಮಾರ್ಚ್–ಏಪ್ರಿಲ್‌ನ ಒಣಗಾಳಿಯಲ್ಲಿ ಅದೇ ಮರ ಶೇ 8ರ ಸುತ್ತಮುತ್ತ ಇಳಿಯಲು ನೋಡುತ್ತದೆ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ. ಹೊರಗಿನ ಪದರಕ್ಕೆ ಸೀಳದೆ ಬೇರೆ ದಾರಿಯಿಲ್ಲ. ಕೆತ್ತನೆಯ ನಡುವೆ ಕೊಂಬೆಯ ತಿರುಳು ಇದ್ದರಂತೂ ಅಲ್ಲಿಂದ ಹೊರಕ್ಕೆ ನೇರ ಬಿರುಕು ಹೋಗುತ್ತದೆ.

ಮುಂದಿನ ಸಲ ಹೋಗುವಾಗ ಎರಡು ಮುಳ್ಳಿನ ಸಣ್ಣ ತೇವಮಾಪಕವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಕೆತ್ತನೆಯ ತಳದಲ್ಲಿ, ಗಿರಾಕಿಯ ಕಣ್ಣಿಗೆ ಬೀಳದ ಕಡೆ, ಚುಚ್ಚಿ ನೋಡಿ. ಶೇ 12ಕ್ಕಿಂತ ಹೆಚ್ಚು ತೋರಿಸಿದರೆ ಬೇಡ. ಮುಳ್ಳು ಮೇಲಿನ ಅರ್ಧ ಸೆಂಟಿಮೀಟರಷ್ಟನ್ನೇ ಅಳೆಯುತ್ತದೆ, ದಪ್ಪ ತುಂಡಿನ ಒಳಗನ್ನು ಅದು ಹೇಳದು. ಆದ್ದರಿಂದ ಗೂಡಿನಲ್ಲಿ, ಅಂದರೆ ಕಿಲ್ನ್‌ನಲ್ಲಿ, ಒಣಗಿಸಿದ ಮರದಿಂದಲೇ ಕೆತ್ತಬೇಕೆಂದು ಆರ್ಡರಿನಲ್ಲಿ ಬರೆಸಿ. ಕೆತ್ತಿದ ಮೇಲೆ ಒಣಗಿಸುತ್ತೇವೆ ಎಂದರೆ ಒಪ್ಪಬೇಡಿ. ತಳವನ್ನು ತಿರುಗಿಸಿ ಉಂಗುರಗಳನ್ನು ನೋಡಿ, ಉಂಗುರದ ಕೇಂದ್ರ ತುಂಡಿನೊಳಗೇ ಇದ್ದರೆ ಬಿಟ್ಟುಬಿಡಿ. ಅಲ್ಲಿ ‘ಸುವಾರ್’ ಎಂದು ಮಾರುವುದು ನಮ್ಮ ರಸ್ತೆ ಬದಿಯ ಮಳೆಮರವೇ. ದೊಡ್ಡ ತುಂಡು ಸಿಗುತ್ತದೆಂದು ಬಟ್ಟಲು, ಸ್ಟೂಲುಗಳಿಗೆ ಬಳಸುತ್ತಾರೆ, ದಪ್ಪ ತುಂಡಾದ್ದರಿಂದಲೇ ಒಣಗುವುದು ನಿಧಾನ.

ಪುಡಿಯ ವಿಷಯ. ಒಂದೆರಡು ಮಿಲಿಮೀಟರಿನ ತೂತು, ಮೈದಾದಂಥ ನುಣುಪು ಪುಡಿ ಇದ್ದರೆ ಅದು ಮರ ಕೊರೆಯುವ ಹುಳು. ಅದು ತಿನ್ನುವುದು ಚೇಗನ್ನಲ್ಲ, ಹೊರಗಿನ ಬಿಳಿಮರವನ್ನು. ಹಾಗಾಗಿ ತುಂಡಿನಲ್ಲಿ ಬಿಳಿಯ ಪಟ್ಟಿ ಎಷ್ಟಿದೆ ನೋಡಿಯೇ ಕೊಳ್ಳಬೇಕು. ಹೊರಡುವ ಮೊದಲು ಹೊಗೆ ಹಾಕಿಸಿ, ಅಂದರೆ ಫ್ಯೂಮಿಗೇಷನ್ ಮಾಡಿಸಿ, ಪ್ರಮಾಣಪತ್ರ ಪಡೆಯಿರಿ. ಈಗ ನಿಮ್ಮಲ್ಲಿ ಪುಡಿ ಬೀಳುತ್ತಿರುವವನ್ನು ಇವತ್ತೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಕೋಣೆಗೆ ಸಾಗಿಸಿ, ಇಲ್ಲದಿದ್ದರೆ ಅಂಗಡಿಯ ಶೆಲ್ಫಿಗೂ ಹತ್ತುತ್ತದೆ. ಕೀಟ ನಿಯಂತ್ರಣದವರನ್ನು ಕರೆಸಿ ಹೊಗೆ ಹಾಕಿಸಿ, ತೂತನ್ನು ಮೇಣದಿಂದ ಮುಚ್ಚಿ ದಿನಾಂಕ ಬರೆದಿಡಿ. ಹೊಸ ತೂತು ಬಿದ್ದರೆ ಗೊತ್ತಾಗಬೇಕಲ್ಲ.

ಹೊಸ ಮಾಲು ಬಂದ ದಿನವೇ ಫ್ಯಾನಿನ ಕೆಳಗೆ ಜೋಡಿಸಬೇಡಿ. ಎರಡು ಮೂರು ವಾರ ಪ್ಲಾಸ್ಟಿಕ್ ಕವರಿನ ಬಾಯನ್ನು ದಿನೇ ದಿನೇ ಸ್ವಲ್ಪ ಸ್ವಲ್ಪ ತೆರೆಯುತ್ತಾ ನೆರಳಲ್ಲಿಡಿ. ಕಡಿದ ಅಡ್ಡಮುಖಗಳಿಗೆ ಜೇನುಮೇಣ ತಿಕ್ಕಿ. ಸಾಧ್ಯವಾದರೆ ಮರದ ಮಾಲು ಮಳೆಗಾಲದಲ್ಲೇ ಬಂದಿಳಿಯುವಂತೆ ನೋಡಿಕೊಳ್ಳಿ, ಬೇಸಿಗೆಯ ಹೊತ್ತಿಗೆ ಅದು ನಮ್ಮ ಗಾಳಿಗೆ ಒಗ್ಗಿರುತ್ತದೆ.

ಪ್ರಶ್ನೆ (ಕೆಜಿಎಫ್): ರಾಬರ್ಟ್‌ಸನ್‌ಪೇಟೆಯಲ್ಲಿ ಮಕ್ಕಳ ಸಾಮಾನಿನ ಅಂಗಡಿ. ಉಣ್ಣೆಯನ್ನು ಅದುಮಿ ಮಾಡಿದ ಫೆಲ್ಟ್‌ನ ಆನೆ, ಮೊಲ ಗೊಂಬೆಗಳನ್ನು ತರಿಸಬಹುದೇ?

ಉತ್ತರ: 14 ವರ್ಷದೊಳಗಿನ ಮಕ್ಕಳು ಆಡುವಂಥದ್ದಾದರೆ ಅದು ಆಟಿಕೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯ, ಹೊರದೇಶದ ತಯಾರಕರೇ ಆ ಪರವಾನಗಿ ಪಡೆದಿರಬೇಕು. ಕೈಯಲ್ಲಿ ಮಾಡಿದ್ದು ಎಂಬ ವಿನಾಯಿತಿ ಇರುವುದು ನಮ್ಮ ದೇಶದಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ, ಆಮದಿಗಲ್ಲ. ಸಣ್ಣ ಕಮ್ಮಟಕ್ಕೆ ಆ ಪರವಾನಗಿಯ ಖರ್ಚು ಹೊರೆಯಾಗುತ್ತದೆ. ಜೊತೆಗೆ ಆಟಿಕೆಯ ಮೇಲಿನ ಸಾಮಾನ್ಯ ಆಮದು ಸುಂಕ ಶೇ 70ರಷ್ಟಿದೆ. ಗೊಂಬೆ ಬಿಟ್ಟು ಫೆಲ್ಟ್‌ನ ಚಾಪೆ, ಟೀ ಲೋಟದ ಅಡಿಹಾಸು, ಬಾಗಿಲ ತೋರಣ ಇಂಥವನ್ನು ನೋಡಿ. ಗೊಂಬೆಯನ್ನೇ ‘ಅಲಂಕಾರದ ವಸ್ತು’ ಎಂದು ಬರೆಸಿ ತರುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಪೆಟ್ಟಿಗೆ ತೆರೆದವರಿಗೆ ಮೊಲ ಮೊಲವಾಗಿಯೇ ಕಾಣುತ್ತದೆ.

ಪ್ರಶ್ನೆ (ತಿಪಟೂರು): ಹನೋಯ್ ಹತ್ತಿರದ ಬಾಟ್ ಚಾಂಗ್ ಎಂಬ ಕುಂಬಾರರ ಊರಿನಿಂದ ಪಿಂಗಾಣಿ ತಟ್ಟೆ, ಕಪ್ಪು ತರಿಸಬೇಕು. ಕೊರಿಯರ್, ವಿಮಾನ, ಹಡಗು ಯಾವುದು ಸರಿ? ಒಡೆಯದಂತೆ ಕಟ್ಟಿಸುವುದು ಹೇಗೆ?

ಉತ್ತರ: ತೂಕಕ್ಕೆ ಮಾತ್ರವಲ್ಲ, ಪೆಟ್ಟಿಗೆ ಹಿಡಿಯುವ ಜಾಗಕ್ಕೂ ಬಾಡಿಗೆ ಇದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ, ವಿಮಾನ ಸರಕಿನವರು 6000ದಿಂದ ಭಾಗಿಸುತ್ತಾರೆ. ಆ ಅಂಕಿ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 60×40×40ರ ಪೆಟ್ಟಿಗೆ ಕೊರಿಯರ್‌ನಲ್ಲಿ 19.2 ಕೆ.ಜಿ., ವಿಮಾನ ಸರಕಿನಲ್ಲಿ 16 ಕೆ.ಜಿ. ಅಂಥ ಹತ್ತು ಪೆಟ್ಟಿಗೆ ಸೇರಿದರೆ 0.96 ಘನ ಮೀಟರ್. ಹಡಗಿನಲ್ಲಿ ಹಂಚಿಕೆಯ ಕಂಟೇನರಿಗೆ ಕನಿಷ್ಠ ಬಾಡಿಗೆ ಸಾಮಾನ್ಯವಾಗಿ 1 ಘನ ಮೀಟರಿನದು. ಹಾಗಾಗಿ ಪಿಂಗಾಣಿಯಂಥ ಭಾರದ ಮಾಲು ಹತ್ತು ಪೆಟ್ಟಿಗೆಗೆ ಮುಟ್ಟುವವರೆಗೆ ಕಾದು ಹಡಗಿನಲ್ಲಿ ತರಿಸುವುದೇ ಗಿಟ್ಟುತ್ತದೆ. ಚೆನ್ನೈ ಬಂದರಿನಲ್ಲಿ ಬಿಡಿಸಬಹುದು, ಇಲ್ಲವೇ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋಗೆ ತರಿಸಬಹುದು. ಹಡಗಿನ ದರ ಕೇಳುವಾಗ, ಇಳಿದ ಕಡೆಯ ಖರ್ಚು ಎಷ್ಟೆಂದು ಬರವಣಿಗೆಯಲ್ಲಿ ಕೇಳಿ. ಸಾಗಣೆ ಅಗ್ಗವೆಂದು ಹೇಳಿ, ಡೆಲಿವರಿ ಆರ್ಡರ್ ಮತ್ತು ಗೋದಾಮಿನ ಹೆಸರಿನಲ್ಲಿ ಇಲ್ಲಿ ವಸೂಲು ಮಾಡುವುದು ಈ ದಂಧೆಯಲ್ಲಿ ಮಾಮೂಲು, ಹೊಸಬರು ಬೀಳುವುದೇ ಅಲ್ಲಿ.

ಕಟ್ಟುವ ಬಗೆಯನ್ನು ನೀವೇ ನಿಂತು ಒಂದು ಪೆಟ್ಟಿಗೆ ಮಾಡಿಸಿ ಫೋಟೊ ತೆಗೆದು, ಉಳಿದವು ಹೀಗೇ ಬರಬೇಕೆಂದು ಆರ್ಡರಿಗೆ ಲಗತ್ತಿಸಿ. ತಟ್ಟೆಗಳನ್ನು ಮಲಗಿಸಬಾರದು, ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿದರೆ ಪೆಟ್ಟಿಗೆ ಧೊಪ್ಪನೆ ಇಳಿದಾಗ ಮೇಲಿನ ಭಾರವೆಲ್ಲ ಕೆಳಗಿನ ತಟ್ಟೆಯ ನಡುವೆ ಕೂರುತ್ತದೆ. ಕಪ್ಪಿನ ಹಿಡಿಯೊಳಗೆ ಕಾಗದ ತುರುಕಿ, ನಂತರ ಪೂರ್ತಿ ಸುತ್ತಬೇಕು. ಒಳಪೆಟ್ಟಿಗೆಗೂ ಹೊರಪೆಟ್ಟಿಗೆಗೂ ನಡುವೆ ಎಲ್ಲ ಕಡೆ 5 ಸೆಂ.ಮೀ. ಮೆತ್ತೆ ಇರಲಿ. ಮುಚ್ಚಿದ ಪೆಟ್ಟಿಗೆಯನ್ನು ಅಲ್ಲಾಡಿಸಿದರೆ ಒಳಗೆ ಸದ್ದೇ ಆಗಬಾರದು. ಆಮೇಲೆ ಸೊಂಟದೆತ್ತರದಿಂದ ಮೂಲೆಯ ಮೇಲೆ ಬೀಳಿಸಿ, ಬಿಚ್ಚಿ ನೋಡಿ. ಒಂದು ಪೆಟ್ಟಿಗೆ ಕೆಟ್ಟರೂ ಪರವಾಗಿಲ್ಲ, ಉಳಿದ ಒಂಬತ್ತು ಉಳಿಯುತ್ತವೆ.

ಮೆತ್ತೆಗೆ ಒಣಹುಲ್ಲು ತುಂಬಲು ಬಿಡಬೇಡಿ, ನಮ್ಮ ಸಸ್ಯ ಸಂಪರ್ಕತಡೆ ನಿಯಮಕ್ಕೆ ಅದು ಆಗದು. ಮರದ ಕ್ರೇಟು ಬಳಸಿದರೆ ಅದರ ಮೇಲೆ ಗೋಧಿ ತೆನೆಯ ಚಿತ್ರದ ಮುದ್ರೆ ಇರಬೇಕು. ಮರದ ಒಳಗನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಕ್ಕೆ ‘ಎಚ್‌ಟಿ’ ಅಕ್ಷರ ಇರುತ್ತದೆ. ಪ್ಲೈವುಡ್ ಕ್ರೇಟಿಗೆ ಇದು ಬೇಡ.

ಊಟದ ತಟ್ಟೆಯಾದರೆ ಮೆರುಗಿನಿಂದ ಸೀಸ, ಕ್ಯಾಡ್ಮಿಯಂ ಬಿಡುವುದಿಲ್ಲವೆಂಬ ಪ್ರಯೋಗಾಲಯದ ವರದಿ ಕೇಳಿ. ಚಿತ್ರದ ಮೇಲೆ ಬೆರಳಾಡಿಸಿದಾಗ ಉಬ್ಬು ಸಿಕ್ಕರೆ ಬಣ್ಣ ಮೆರುಗಿನ ಮೇಲಿದೆ ಎಂದರ್ಥ. ಅಂಥ ಕೆಂಪು, ಹಳದಿ, ಕಿತ್ತಳೆ ಚಿತ್ತಾರವನ್ನು ವರದಿಯಿಲ್ಲದೆ ಊಟಕ್ಕೆಂದು ಮಾರಲೇಬಾರದು. ಈ ವಿಷಯದಲ್ಲಿ ನಾವು ಸ್ವಲ್ಪವೂ ಸಡಿಲಿಸುವುದಿಲ್ಲ. ಮಕ್ಕಳೂ ಅದರಲ್ಲೇ ಉಣ್ಣುತ್ತಾರೆ.

ಪ್ರಶ್ನೆ (ಗೌರಿಬಿದನೂರು): ಹಣ ಹೇಗೆ ಕೊಡುವುದು? ನಗದು ಒಯ್ಯಬಹುದೇ? ನೇಪಾಳದಲ್ಲಿ ನಮ್ಮ ಯುಪಿಐ ನಡೆಯುತ್ತಂತೆ?

ಉತ್ತರ: ಊಟ, ಟ್ಯಾಕ್ಸಿ, ಒಂದೆರಡು ಸ್ಯಾಂಪಲ್‌ಗೆ ಯುಪಿಐ, ಕಾರ್ಡು ಸರಿ. ಹೊರಡುವ ಮೊದಲು ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿ ತೆರೆದುಕೊಳ್ಳಿ. ಕಾರ್ಡು ಉಜ್ಜುವಾಗ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಯಂತ್ರ ಕೇಳಿದರೆ, ಆ ದೇಶದ ಹಣವನ್ನೇ ಆರಿಸಿ, ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ನೇಪಾಳಿ ರೂಪಾಯಿಯ ದರ ನಿಗದಿಯಾದದ್ದು, ನಮ್ಮ 100ಕ್ಕೆ ಅವರ 160. ಅಲ್ಲಿಗೂ ಭೂತಾನಿಗೂ ಡಾಲರ್ ಪಡೆಯಲು ಅವಕಾಶವಿಲ್ಲ. ಬೇರೆ ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್‌ವರೆಗೆ ಒಯ್ಯಬಹುದು.

ಆದರೆ ಮಾಲಿನ ಹಣ ನಗದಾಗಿ ಕೊಡಬೇಡಿ. ಅದು ಬ್ಯಾಂಕಿನಿಂದಲೇ ಹೋಗಬೇಕು. ಪ್ರೊಫಾರ್ಮಾ ಇನ್‌ವಾಯ್ಸ್ (ಮಾಲು ಕಳಿಸುವ ಮೊದಲು ಮಾರುವವರು ಕೊಡುವ ಬಿಲ್ಲು) ಮತ್ತು ಐಇಸಿ ಕೊಟ್ಟು, ಆಮದಿನ ಮುಂಗಡ ಎಂದು ಬ್ಯಾಂಕಿನ ಎಸ್0101 ಉದ್ದೇಶ ಕೋಡಿನಲ್ಲಿ ಕಳಿಸಿ. ಉಳಿದದ್ದು ಇನ್‌ವಾಯ್ಸ್ ಚುಕ್ತಾ ಆಗಿ ಎಸ್0102ರಲ್ಲಿ. ಮಗನ ಓದಿನ ಖರ್ಚು, ಪ್ರವಾಸ ಎಂದೆಲ್ಲ ಬರೆದು ಕಳಿಸಿದರೆ ಆಮೇಲೆ ಬಿಲ್ ಆಫ್ ಎಂಟ್ರಿಗೂ ಹಣಕ್ಕೂ ತಾಳೆ ಬೀಳುವುದಿಲ್ಲ. ಮಾಲು ಬಂದ ಮೇಲೆ ಬ್ಯಾಂಕಿನ ಲೆಕ್ಕದಲ್ಲಿ ಆ ಮುಂಗಡ ತೀರಿತೇ ಎಂದು ವಿಚಾರಿಸಿ, ಬಾಕಿ ಉಳಿದರೆ ಮುಂದಿನ ಪಾವತಿ ತಡೆಯುತ್ತಾರೆ.

ಮುಂಗಡ ಶೇ 30 ಕೊಟ್ಟು, ಕಟ್ಟುವ ಮುನ್ನ ವಿಡಿಯೊದಲ್ಲಿ ಮಾಲು ಎಣಿಸಿ ನೋಡಿ ಉಳಿದ ಶೇ 70 ಕಳಿಸುವುದು ಇಬ್ಬರಿಗೂ ನ್ಯಾಯವಾದ ರೀತಿ. ಕುಶಲಕರ್ಮಿಗೆ ಕಚ್ಚಾವಸ್ತು ಕೊಳ್ಳಲು ಆ ಮೂವತ್ತು ಬೇಕು, ಅದರಲ್ಲಿ ಚೌಕಾಸಿ ಮಾಡಬೇಡಿ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಮೇಲ್ ಬಂದರೆ, ನಿಮ್ಮಲ್ಲಿರುವ ಹಳೆಯ ನಂಬರಿಗೆ ಫೋನ್ ಮಾಡಿ ಅವರ ದನಿ ಕೇಳದೆ ಕಳಿಸಬೇಡಿ.

ಪ್ರಶ್ನೆ (ಮುಳಬಾಗಿಲು): ಹಳೆಯ ವಿಗ್ರಹ, ಥಂಕಾ (ಬಟ್ಟೆಯ ಮೇಲೆ ಬರೆದ ಬೌದ್ಧ) ಚಿತ್ರಗಳನ್ನು ತರಬಹುದೇ?

ಉತ್ತರ: 100 ವರ್ಷ ದಾಟಿದ್ದನ್ನು ನೇಪಾಳದಿಂದ ಹೊರಗೆ ಒಯ್ಯುವಂತಿಲ್ಲ. ಹೊಸದಾಗಿದ್ದರೂ ಹಳೆಯದರಂತೆ ಕಾಣುವ ವಿಗ್ರಹ, ಥಂಕಾಗಳಿಗೆ ಅಲ್ಲಿನ ಪುರಾತತ್ವ ಇಲಾಖೆಯ ಪತ್ರ ಬೇಕು. ಅಂಗಡಿಯವರಿಂದಲೇ ಮಾಡಿಸಿಕೊಳ್ಳಿ. ಥಾಯ್ಲೆಂಡಿನಿಂದ ಬುದ್ಧನ ಮೂರ್ತಿಗೆ ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ದಂತ, ಆಮೆಚಿಪ್ಪು, ಹವಳ, ಶಾತೂಶ್ (ಟಿಬೆಟ್ಟಿನ ಚಿರು ಜಿಂಕೆಯ ಉಣ್ಣೆ) ಯಾವುದನ್ನೂ ಮುಟ್ಟಬೇಡಿ. ಬೀಟೆ ಜಾತಿಯ ಮರವಾದರೆ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ–ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪತ್ರವಿಲ್ಲದೆ ಆರ್ಡರ್ ಬೇಡ.

ಪ್ರಶ್ನೆ (ಕುಣಿಗಲ್): ದೀಪಾವಳಿ ವ್ಯಾಪಾರಕ್ಕೆ ಮಾಲು ಕೈಗೆ ಬರಬೇಕಾದರೆ ಯಾವಾಗ ಹೋಗಬೇಕು?

ಉತ್ತರ: ಹಿಂದಿನಿಂದ ಎಣಿಸಿ. ಮಾಲು ಬಿಚ್ಚಿ ಅಂಗಡಿಯಲ್ಲಿ ಜೋಡಿಸಲು ಎರಡು ವಾರ, ಕಸ್ಟಮ್ಸ್‌ಗೆ ಒಂದು ವಾರ, ಹಡಗಾದರೆ ತಿಂಗಳಿಂದ ಒಂದೂವರೆ ತಿಂಗಳು, ಕೈಕೆಲಸಕ್ಕೆ 45ರಿಂದ 60 ದಿನ. ಎಲ್ಲ ಸೇರಿ ನಾಲ್ಕು ತಿಂಗಳವರೆಗೆ ಬೇಕು. ಸ್ವಲ್ಪ ಬಿಡುವೂ ಇರಲೆಂದು ಮೇ ತಿಂಗಳಲ್ಲಿ ಆರ್ಡರ್ ಕೊಟ್ಟುಬಿಡಬೇಕು, ಏಪ್ರಿಲ್‌ನಲ್ಲಿ ಪ್ರಯಾಣ. ನೇಪಾಳದ ಮಾಲಾದರೆ ಇನ್ನೂ ಮುಂಚೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಮಳೆ, ಬಿಸಿಲಲ್ಲಿ ಒಣಗಬೇಕಾದ ಲೋಕ್ತಾ (ಗಿಡದ ತೊಗಟೆಯಿಂದ ಮಾಡುವ) ಕಾಗದ, ಫೆಲ್ಟ್, ಮಡಿಕೆ ಎಲ್ಲ ನಿಧಾನವಾಗುತ್ತವೆ. ನಮ್ಮ ದಸರಾ ಹೊತ್ತಿಗೇ ಅವರ ದಶೈಂ ಬರುತ್ತದೆ, ಕೆಲಸಗಾರರು ಊರಿಗೆ ಹೋದರೆ ಕಮ್ಮಟ ವಾರಗಟ್ಟಲೆ ಮುಚ್ಚಿರುತ್ತದೆ. ವಿಯೆಟ್ನಾಂನಲ್ಲಿ ಜನವರಿ ಕೊನೆ–ಫೆಬ್ರವರಿಯ ಟೆಟ್ ಹಬ್ಬ, ಥಾಯ್ಲೆಂಡಿನಲ್ಲಿ ಏಪ್ರಿಲ್ 13–15ರ ಸಾಂಗ್‌ಕ್ರಾನ್ ತಪ್ಪಿಸಿ. ಬಾಲಿಯಲ್ಲಿ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುವ ನ್ಯೆಪಿ ದಿನ ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚುತ್ತದೆ.

ಕಸ್ಟಮ್ಸ್‌ನಿಂದ ಮಾಲು ಬಿಡಿಸುವ ಮೊದಲೇ ಆಗಬೇಕಾದ ಲೇಬಲ್ ಕೆಲಸವನ್ನೂ ಹಗುರವಾಗಿ ಎಣಿಸಬೇಡಿ. ಪ್ಯಾಕೆಟ್ಟಿನಲ್ಲಿ ಮಾರುವ ಪ್ರತಿ ವಸ್ತುವಿನ ಮೇಲೆ ಆಮದುದಾರರ ಹೆಸರು–ವಿಳಾಸ, ತಯಾರಾದ ದೇಶ, ವಸ್ತುವಿನ ಹೆಸರು, ಸಂಖ್ಯೆ ಅಥವಾ ತೂಕ, ತಯಾರಾದ ತಿಂಗಳು–ವರ್ಷ, ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರ್ ಇರಬೇಕು. ಈ ಚೀಟಿಯ ನಮೂನೆಯನ್ನು ಆರ್ಡರಿನ ಜೊತೆಗೇ ಕಳಿಸಿ, ಅಲ್ಲಿಯೇ ಅಂಟಿಸಿ ಕಳಿಸುವಂತೆ ಕೇಳಿದರೆ ಬಹಳ ಜನ ಒಪ್ಪುತ್ತಾರೆ.